ಕೊನೆಯ ಎಂಟು ಪುಟ ಇಲ್ಲದ ಪುಸ್ತಕ

ಓದುಗರ ಪ್ರಶ್ನೆ, ಲೈಬ್ರರಿ ಅಣ್ಣನ ಉತ್ತರ

ಪ್ರಶ್ನೆ: ಲೈಬ್ರರಿ ಅಣ್ಣನವರಿಗೆ ನಮಸ್ಕಾರ. ಹೋದ ತಿಂಗಳು ತುಮಕೂರಿಗೆ ಮಗಳ ಮನೆಗೆ ಬಂದಿದ್ದಾಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಸಸ್ಪೆನ್ಸ್ ಕಾದಂಬರಿ ಕೊಂಡೆ. 250 ರೂಪಾಯಿ. ತಿಪಟೂರಿನ ಕಡೆಯ ಕೊಬ್ಬರಿ ಅಟ್ಟದಲ್ಲಿ ಸಾಹುಕಾರರ ಹೆಣ ಸಿಗುತ್ತದೆ ಅಂತ ಹಿಂದಿನ ರಟ್ಟಿನ ಮೇಲೆ ಇತ್ತು. ನಮ್ಮ ಸೀಮೆಯ ಕಥೆ ಅಂತ ಆಸೆಯಿಂದ ತಗೊಂಡೆ. ಸುಳ್ಳು ಯಾಕೆ ಹೇಳಲಿ, ರಾತ್ರಿ ಊಟ ಆದ ಮೇಲೆ ಹಿಡಿದವಳು ಎರಡು ಗಂಟೆಯವರೆಗೂ ಕೆಳಗಿಡಲಿಲ್ಲ. ನಮ್ಮ ಯಜಮಾನರು ಎರಡು ಸಲ ಲೈಟು ಆರಿಸಿದರು, ಎರಡು ಸಲವೂ ಎದ್ದು ಹಾಕಿದೆ. ಆದರೆ ಕೊನೆ ಓದಿ ಪುಸ್ತಕ ಎಸೆಯೋಣ ಅನ್ನಿಸಿತು. ಎರಡನೇ ಸೊಸೆ, ತೂಕದ ಆಳು, ಲೆಕ್ಕ ಬರೆಯುವ ತಂಗಿಯ ಮಗ ಅಂತ ಮೂವರ ಮೇಲೆ ಅನುಮಾನ ಹುಟ್ಟಿಸಿಕೊಂಡು ಬಂದು, 209ನೇ ಪುಟದಲ್ಲಿ ಮುಂಬಯಿಯಿಂದ ಸಾಹುಕಾರರ ತಮ್ಮ ಅಂತ ಒಬ್ಬ ಇಳೀತಾನೆ. ಅವನೇ ಕೊಲೆಗಾರ! ಅಲ್ಲಿಯವರೆಗೂ ಅವರಿಗೆ ತಮ್ಮ ಇದ್ದ ಅನ್ನುವ ಮಾತೇ ಇಲ್ಲ.

ಇನ್ನೊಂದು ವಿಷಯ. 12ನೇ ಪುಟದಲ್ಲಿ ಸೊಸೆ, ಹೋದ ದೀಪಾವಳಿಗೆ ಅಟ್ಟಕ್ಕೆ ಕಾಯಿ ಹಾಕಿದ್ದು, ಆಮೇಲೆ ಯಾರೂ ಮುಟ್ಟಿಲ್ಲ ಅಂತ ಹೇಳುತ್ತಾಳೆ. ಕೊಲೆ ಆಗೋದು ಈ ದಸರಾದಲ್ಲಿ. 31ನೇ ಪುಟದಲ್ಲಿ ಇನ್ಸ್‌ಪೆಕ್ಟರ್ ನಾಲ್ಕೈದು ಕಾಯಿ ಎತ್ತಿ ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುತ್ತದಂತೆ. ಹನ್ನೊಂದು ತಿಂಗಳ ಕಾಯಲ್ಲಿ ನೀರೆಲ್ಲಿಂದ ಬರಬೇಕು? ಯಾರೋ ಹಳೇ ಕೊಬ್ಬರಿ ಮಾರಿಕೊಂಡು ಆ ಜಾಗಕ್ಕೆ ಹೊಸ ಕಾಯಿ ತುಂಬಿದ್ದಾರೆ, ಬೀಗದ ಕೈ ಇದ್ದದ್ದು ತಂಗಿಯ ಮಗನ ಹತ್ತಿರ, ಅವನೇ ಕಳ್ಳ, ಅವನೇ ಕೊಲೆಗಾರ ಅಂತ ನಾನು ಆಗಲೇ ತೀರ್ಮಾನ ಮಾಡಿ ಕೂತಿದ್ದೆ. ಲೇಖಕರು ಮತ್ತೆ ಆ ಕಾಯಿಯ ಸುದ್ದಿಗೇ ಬರಲಿಲ್ಲ. ಇದು ಒಳ್ಳೇ ಕಾದಂಬರಿಯೋ ಕೆಟ್ಟದ್ದೋ ಹೇಳಿ. ಓದಿಸಿಕೊಂಡು ಹೋಯಿತಲ್ಲ, ಇನ್ನೇನು ಬೇಕು ಅಂತಾಳೆ ಮಗಳು. ಹೆಸರು ಹಾಕಬೇಡಿ.
– ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ತಾಯೀ, ನಿಮ್ಮ ಹೆಸರಿನ ಜೊತೆಗೆ ಕಾದಂಬರಿಯ ಹೆಸರನ್ನೂ ಬಿಟ್ಟಿದ್ದೇನೆ. ಕೊಲೆಗಾರ ಯಾರು ಅಂತ ನಿಮ್ಮ ಕಾಗದದಲ್ಲೇ ಇರುವಾಗ ಹೆಸರನ್ನೂ ಹಾಕಿದರೆ, ಪುಸ್ತಕ ಮಾರುವವರು ನನ್ನನ್ನು ಅಟ್ಟ ಹತ್ತಿಸುತ್ತಾರೆ.

ನಾನೂ ಓದಿದ್ದೇನೆ ಆ ಪುಸ್ತಕವನ್ನು. 31ನೇ ಪುಟವನ್ನು ಓದಿ ಮುಂದಕ್ಕೆ ಹೋಗಿಬಿಟ್ಟಿದ್ದೆ. ನಿಮ್ಮ ಕಾಗದ ಬಂದ ಮೇಲೆ ವಾಪಸು ಹೋಗಿ ನೋಡಿದೆ. ಇಪ್ಪತ್ತೊಂಬತ್ತು ವರ್ಷ ಪತ್ತೇದಾರಿ ಕಾದಂಬರಿ ಬಾಡಿಗೆಗೆ ಕೊಟ್ಟವನು ನಾನು, ನನ್ನ ಕಿವಿಗೆ ಆ ಗುಳುಗುಳು ಕೇಳಿಸಲಿಲ್ಲ, ನಿಮಗೆ ಕೇಳಿಸಿತು. ಕೊಬ್ಬರಿ ಕಂಡ ಕೈ ನಿಮ್ಮದು.

ತಿಪಟೂರು ಕಡೆಯವರಲ್ಲದ ಓದುಗರಿಗೆ ಎರಡು ಮಾತು. ಉಂಡೆ ಕೊಬ್ಬರಿ ಅಂದರೆ ಕಾಯಿ ಒಡೆದು ಬಿಸಿಲಿಗೆ ಒಣಗಿಸಿದ್ದಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ನೆರಳಲ್ಲಿ ಒಟ್ಟಿ, ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಆಮೇಲೆ ಅಲ್ಲಾಡಿಸಿದರೆ ನೀರಿನ ಸದ್ದಿಲ್ಲ, ಗಿಟುಕು ಚಿಪ್ಪಿಗೆ ಬಡಿಯುವ ಲೊಟಲೊಟ ಸದ್ದು. ಆ ಸದ್ದೇ ಕೊಬ್ಬರಿಯ ಕ್ಯಾಲೆಂಡರು. ಯಾವುದೋ ಒಂದು ಕಾಯಿ ಹಟ ಹಿಡಿದು ನೀರು ಉಳಿಸಿಕೊಂಡಿರಬಹುದು ಅನ್ನೋಣ. ಕೈಗೆ ಸಿಕ್ಕ ನಾಲ್ಕೈದೂ ನೀರಾಡಿದವು ಅಂದರೆ ನೀವು ಹೇಳಿದ್ದೇ ಸರಿ: ಆ ರಾಶಿ ಹೊಸದು, ಯಾರೋ ಬದಲಾಯಿಸಿದ್ದಾರೆ. ಸಾಹುಕಾರರು ಅನುಮಾನ ಬಂದು ಅಟ್ಟ ಹತ್ತಿದರು, ಕಾಯಿ ಅಲ್ಲಾಡಿಸಿದರು, ಹಿಂದೆ ಯಾರೋ ಏಣಿ ಹತ್ತಿ ಬಂದರು. ಇಂಥ ಸುಳಿವು ಬೇರೆ ಯಾವ ಜಿಲ್ಲೆಯ ಕಥೆಗಾರನಿಗೆ ಸಿಗಬೇಕು! ಇವರ ಕಾಲಡಿಗೇ ಬಿದ್ದಿತ್ತು, ಎಡವಿ ದಾಟಿ ಹೋದರು. ನನ್ನ ಗುಮಾನಿ ಏನೆಂದರೆ ಅವರು ಅದನ್ನು ಸುಳಿವು ಅಂತ ಇಟ್ಟದ್ದೇ ಅಲ್ಲ. ತೆಂಗಿನಕಾಯಿ ಅಲ್ಲಾಡಿಸಿದರೆ ನೀರಿನ ಸದ್ದು ಬರುತ್ತದೆ ಅಂತ ಪೇಟೆಯವರ ಲೆಕ್ಕದಲ್ಲಿ ಬರೆದುಬಿಟ್ಟಿದ್ದಾರೆ.

ಇನ್ನು ಮುಂಬಯಿಯ ತಮ್ಮ. 1929ರಲ್ಲಿ ಇಂಗ್ಲೆಂಡಿನಲ್ಲಿ ರೊನಾಲ್ಡ್ ನಾಕ್ಸ್ ಅಂತ ಒಬ್ಬ ಪಾದ್ರಿ, ತಾವೇ ಪತ್ತೇದಾರಿ ಕಥೆ ಬರೆಯುತ್ತಿದ್ದವರು, ಈ ಕಸುಬಿಗೆ ಹತ್ತು ಕಟ್ಟಳೆ ಮಾಡಿಟ್ಟರು. ಅದರಲ್ಲಿ ಮೊದಲನೆಯದೇ ಇದು: ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಓದುಗರ ಕಣ್ಣಿಗೆ ಬಿದ್ದವನಾಗಿರಬೇಕು. ಪಾದ್ರಿಗಳ ಕಟ್ಟಳೆ ನಮಗ್ಯಾಕೆ ಅನ್ನುವುದಾದರೆ ಬಿಡಿ, ನಮ್ಮ ತಾಲ್ಲೂಕು ಕಚೇರಿಯ ಕಟ್ಟಳೆಯನ್ನೇ ತೆಗೆದುಕೊಳ್ಳಿ. ನಲವತ್ತು ಎಕರೆ ತೋಟದ ಯಜಮಾನ ಸತ್ತಿದ್ದಾನೆ. ಪೌತಿ ಖಾತೆಗೆ ಅರ್ಜಿ ಹಾಕಬೇಕು, ವಂಶವೃಕ್ಷ ತರಬೇಕು. ಪಿತ್ರಾರ್ಜಿತ ಆಸ್ತಿ ಅಂತ ಲೇಖಕರೇ ಬರೆದಿದ್ದಾರೆ. ಅಂಥ ಮನೆಯಲ್ಲಿ ಪಾಲುದಾರ ತಮ್ಮನೊಬ್ಬ ಇದ್ದ ಅನ್ನೋದು ಸೊಸೆಯಂದಿರ ಬಾಯಲ್ಲಿ ಬರಲ್ಲ, ಆಳುಗಳ ಬಾಯಲ್ಲಿ ಬರಲ್ಲ, ಹೆಣದ ಮುಂದೆ ಅಳುವವರ ಬಾಯಲ್ಲೂ ಬರಲ್ಲ ಅಂದರೆ ಯಾರು ನಂಬುತ್ತಾರೆ? ನಮ್ಮಲ್ಲಿ ಆರು ತಿಂಗಳು ಊರು ಬಿಟ್ಟ ದಾಯಾದಿಯ ಹೆಸರನ್ನೇ ದಿನಕ್ಕೆ ನಾಲ್ಕು ಸಲ ಎತ್ತಿ ಬೈಯುತ್ತಾರೆ.

ಮಗಳು ಹೇಳಿದ್ದರಲ್ಲೂ ಸತ್ಯ ಇದೆ, ಅವಳನ್ನು ಬೈಯಬೇಡಿ. ರಾತ್ರಿ ಗುಬ್ಬಿ ಗೇಟಿನಲ್ಲಿ ನಿಂತು, ಕೊನೇ ಬಸ್ಸು ಬರುತ್ತೋ ಇಲ್ಲವೋ ಅಂತ ಕತ್ತು ಉದ್ದ ಮಾಡಿ ಕಾಯುವುದು ಸಸ್ಪೆನ್ಸ್. ಬಂದಿದ್ದ ಬಸ್ಸು ಎಲ್ಲಿ ಹೋಯಿತು, ಯಾರು ತಗೊಂಡು ಹೋದರು ಅಂತ ಟೈರಿನ ಗುರುತು ಹಿಡಿದು ಹುಡುಕುವುದು ಪತ್ತೇದಾರಿ. ನಿಮ್ಮ ಲೇಖಕರು ಮೊದಲನೆಯದರಲ್ಲಿ ಗಟ್ಟಿಗರು. ಪ್ರತಿ ಅಧ್ಯಾಯದ ಕೊನೆಗೂ ಯಾರೋ ಬಾಗಿಲು ತಟ್ಟುತ್ತಾರೆ, ಇಲ್ಲಾ ಫೋನು ಬಡಿದುಕೊಳ್ಳುತ್ತದೆ, ಇಲ್ಲಾ ಕರೆಂಟು ಹೋಗುತ್ತದೆ. ವಾರಪತ್ರಿಕೆಯ ಧಾರಾವಾಹಿಯಿಂದ ಬಂದ ವಿದ್ಯೆ ಅದು, ಸುಲಭವೇನಲ್ಲ. ಯಜಮಾನರು ಆರಿಸಿದ ಲೈಟನ್ನು ಎರಡು ಸಲ ಹಾಕಿಸಿತಲ್ಲ, ನೂರೈವತ್ತು ರೂಪಾಯಿ ಅದಕ್ಕೆ ಸಂದಿತು ಅಂತ ಲೆಕ್ಕ ಹಾಕಿಕೊಳ್ಳಿ. ಉಳಿದ ನೂರು ರೂಪಾಯಿ ಅವರು ನಿಮಗೆ ಬಾಕಿ.

ಒಳ್ಳೇದೋ ಕೆಟ್ಟದ್ದೋ ಅಂತ ತೂಗಲು ನನ್ನ ಹತ್ತಿರ ಒಂದು ತಕ್ಕಡಿ ಇದೆ. ಅದು ಹೇಗೆ ಬಂತು ಅನ್ನುವುದನ್ನು ಹೇಳುತ್ತೇನೆ, ಕೊಂಚ ಉದ್ದ ಆದೀತು.

1979ರಿಂದ 2008ರವರೆಗೆ ತುಮಕೂರಿನ ಚಿಕ್ಕಪೇಟೆಯ ಒಂದು ಸಂದಿಯಲ್ಲಿ ನನ್ನ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಹತ್ತಡಿ ಹನ್ನೆರಡಡಿ ಅಂಗಡಿ, ಇಪ್ಪತ್ತು ರೂಪಾಯಿ ಡಿಪಾಜಿಟ್ಟು, ಶುರುವಿಗೆ ದಿನಕ್ಕೆ ನಾಲ್ಕಾಣೆ ಬಾಡಿಗೆ. ನಾಲ್ಕನೇ ಕ್ಲಾಸಿಗೇ ಓದು ಮುಗಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಒಂದು ಇಡೀ ಕಪಾಟು. ಕನ್ನಡಕ್ಕೆ ಹಳದಿ ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ, ಅವರಿಗೆ ಅರ್ಧ. ಟಿ.ಕೆ. ರಾಮರಾಯರದ್ದು ಕಪಾಟಿನಲ್ಲಿ ನಿಂತದ್ದೇ ಕಡಿಮೆ, ಯಾವಾಗಲೂ ಯಾರ ಮನೆಯಲ್ಲೋ ಇರುತ್ತಿದ್ದವು. ಓದುವವರು ರಾತ್ರಿಪಾಳಿಯ ನರ್ಸುಗಳು, ಬಸ್ ಕಂಡಕ್ಟರುಗಳು, ಹಾಸ್ಟೆಲ್ ಹುಡುಗರು. 17ನೇ ಪುಟದಲ್ಲೇ ಪೆನ್ಸಿಲಿನಲ್ಲಿ 'ಇವನೇ' ಅಂತ ಬಾಣ ಹಾಕಿಡುವ ಕಿಡಿಗೇಡಿ ಒಬ್ಬನಿದ್ದ, ಕೊನೆಗೂ ಯಾರೆಂದು ಸಿಗಲಿಲ್ಲ. ಪತ್ತೇದಾರಿ ಲೈಬ್ರರಿಯಲ್ಲೇ ಪತ್ತೆಯಾಗದ ಕೇಸು.

1984ರಲ್ಲಿ ಒಂದು ಪುಸ್ತಕ ವಾಪಸು ಬಂದಾಗ ಕೊನೆಯ ಎಂಟು ಪುಟ ಇರಲಿಲ್ಲ. ಕಡ್ಲೆಕಾಯಿ ಪೊಟ್ಟಣ ಆಗಿತ್ತೋ ಏನೋ. ಅದರ ಇನ್ನೊಂದು ಪ್ರತಿ ಅಂಗಡಿಗಳಲ್ಲಿ ಆಗ ಸಿಗುತ್ತಿರಲಿಲ್ಲ. ಎಸೆಯಲು ಮನಸ್ಸಾಗದೆ, ಬಾಡಿಗೆ ಬೇಡ, ಕೊನೆ ಇಲ್ಲ ಅಂತ ಹೇಳಿ ಕೊಡುತ್ತಿದ್ದೆ. ಕೋತಿತೋಪಿನ ಕಡೆಯಿಂದ ಒಬ್ಬರು ರಿಟೈರಾದ ಗಣಿತದ ಮೇಷ್ಟ್ರು ಬರುತ್ತಿದ್ದರು. ಒಯ್ದರು. ಹತ್ತು ದಿನ ಸದ್ದಿಲ್ಲ. ಹನ್ನೊಂದನೇ ದಿನ ಬಂದು, “ಅಪ್ಪಾ, ಕೊಲೆ ಮಾಡಿದೋನು ಭಾವಮೈದ ಕಣಯ್ಯ. ಅರಸೀಕೆರೆ ಸ್ಟೇಷನ್ನಲ್ಲಿ ಗಾಡಿ ತಪ್ಪಿತು ಅಂತಾನಲ್ಲ, ಆ ಟೈಮನ್ನ ಕೂಡಿ ಕಳೆದು ನೋಡಿದೆ. ಐವತ್ತು ನಿಮಿಷಕ್ಕೆ ಲೆಕ್ಕ ಕೊಟ್ಟಿಲ್ಲ ಅವನು” ಅಂದರು. ಅಂದು ಸುಮ್ಮನಾಗಲಿಲ್ಲ, ಗೆರೆ ಹಾಕಿದ ಎಂಟು ಹಾಳೆ ಕೊಟ್ಟರು. ಕೊನೆಯ ಅಧ್ಯಾಯವನ್ನು ತಾವೇ ಬರೆದು ತಂದಿದ್ದರು, ಮಾರ್ಜಿನ್ ಬಿಟ್ಟು, ಪುಟಸಂಖ್ಯೆ ಮುಂದುವರಿಸಿ. ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಿದೆ. ಮತ್ತೆ ಬಾಡಿಗೆ ಶುರುವಾಯಿತು.

ಮೂರು ವರ್ಷದ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಪೂರ್ತಿ ಪ್ರತಿ ಸಿಕ್ಕಿತು. ರೈಲಿನಲ್ಲೇ ಕೊನೆಯ ಎಂಟು ಪುಟ ಓದಿದೆ. ಭಾವಮೈದನೇ! ಅರಸೀಕೆರೆಯ ಐವತ್ತು ನಿಮಿಷವೇ! ಮೇಷ್ಟ್ರು ತಪ್ಪಿದ್ದು ಒಂದೇ ಕಡೆ. ಲೇಖಕರ ಪ್ರಕಾರ ಕೊಲೆ ಆದದ್ದು ವಜ್ರದ ಹಾರಕ್ಕೆ. ಮೇಷ್ಟ್ರ ಪ್ರಕಾರ, ತಂಗಿಗೆ ಗಂಡನ ಮನೆಯಲ್ಲಿ ಹದಿನೈದು ವರ್ಷ ಆದ ಅವಮಾನಕ್ಕೆ. ಪುಸ್ತಕ ಅವರ ಕೈಗಿಟ್ಟೆ. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಎಂಟೂ ಪುಟ ಓದಿ ವಾಪಸು ಕೊಟ್ಟು, “ಲೇಖಕರು ಸ್ವಲ್ಪ ಅವಸರ ಮಾಡಿದಾರೆ” ಅಂದರು. ನನಗೂ ಹಾಗೇ ಅನ್ನಿಸಿತ್ತು.

ಆವತ್ತಿನಿಂದ ನನ್ನ ತಕ್ಕಡಿ ಅದೇ ತಾಯೀ. ಯಾವ ಪತ್ತೇದಾರಿ ಕಾದಂಬರಿ ಕೈಗೆ ಬಂದರೂ, ಕೊನೆಯ ಎಂಟು ಪುಟ ಹರಿದುಹೋಗಿದ್ದರೆ ಕೋತಿತೋಪಿನ ಮೇಷ್ಟ್ರಿಗೆ ಇದನ್ನು ಪೂರ್ತಿ ಮಾಡಲು ಆಗುತ್ತಿತ್ತೇ ಅಂತ ಕೇಳಿಕೊಳ್ಳುತ್ತೇನೆ. ಎಲ್ಲರಿಗೂ ಹೊಳೆಯಬೇಕಾಗಿಲ್ಲ, ಸುಲಭಕ್ಕೆ ಹೊಳೆದರೆ ಅದೂ ಸಪ್ಪೆ. ಮನಸ್ಸಿಟ್ಟ ಒಬ್ಬರಿಗಾದರೂ ಆಗಬೇಕು. ನಿಮ್ಮ ಕಾದಂಬರಿಯ ಕೊನೆಯ ಇಪ್ಪತ್ತು ಪುಟ ಹರಿದು ಕೊಟ್ಟಿದ್ದರೆ ಮೇಷ್ಟ್ರು ಏನು ಬರೆಯುತ್ತಿದ್ದರು? ನೀವು ಬರೆದದ್ದನ್ನೇ. ತಂಗಿಯ ಮಗ, ಬೀಗದ ಕೈ, ನೀರಾಡುವ ಕಾಯಿ. ಮುಂಬಯಿಯ ತಮ್ಮ ಅವರ ಕನಸಿನಲ್ಲೂ ಬರುತ್ತಿರಲಿಲ್ಲ. ಅಂದಮೇಲೆ ಮೋಸ ಹೋದೆ ಅನ್ನಿಸಿದ್ದರಲ್ಲಿ ನಿಮ್ಮ ತಪ್ಪಿಲ್ಲ.

ಪುಸ್ತಕದ ಎರಡನೇ ಪುಟದಲ್ಲಿ ಪ್ರಕಾಶಕರ ವಿಳಾಸ ಇರುತ್ತದೆ. ಕಾಯಿಯ ವಿಚಾರವನ್ನು ಅವರಿಗೂ ಬರೆಯಿರಿ. ಸಿಟ್ಟಿನಿಂದ ಬೇಡ, ನನಗೆ ಬರೆದ ಹಾಗೇ ಬರೆಯಿರಿ. ಎರಡನೇ ಮುದ್ರಣದಲ್ಲಿ ತಮ್ಮನನ್ನು ಮುಂಬಯಿಗೇ ವಾಪಸು ಕಳಿಸಿದರೂ ಕಳಿಸಿಯಾರು.

ಪ್ರಶ್ನೆ: ಅಂಕಲ್, ನಾನು ಬಿ.ಎಸ್ಸಿ. ಎರಡನೇ ವರ್ಷ. ಕೆಜಿಎಫ್‌ನಲ್ಲಿ 1910ರಲ್ಲಿ ನಡೆಯುವ ಮರ್ಡರ್ ಮಿಸ್ಟರಿ ಬರೆಯುತ್ತಿದ್ದೇನೆ. ಗಣಿಯ ಮಿಲ್ಲಿನಲ್ಲಿ ಸೀಮೆಎಣ್ಣೆ ದೀಪ ಆರಿ ಕತ್ತಲಾದಾಗ ಇಂಗ್ಲಿಷ್ ಎಂಜಿನಿಯರನ ಕೊಲೆ. ಆಮೇಲೆ ಕಥೆ ಈ ಕಾಲಕ್ಕೆ ಬಂದು, ಅವನ ಮರಿಮಗನನ್ನು ಸೈನೈಡ್ ಗುಡ್ಡದ ಮಣ್ಣಿಂದ ತೆಗೆದ ವಿಷದಲ್ಲಿ ಸಾಯಿಸುತ್ತಾರೆ. ಹೇಗಿದೆ?
– ಬಂಗಾರಪೇಟೆಯ ವಿದ್ಯಾರ್ಥಿ

ಉತ್ತರ: ಮಗಾ, ಮೊದಲು ಸೀಮೆಎಣ್ಣೆ ದೀಪ ಆರಿಸು. ಶಿವನಸಮುದ್ರದಿಂದ ನಿಮ್ಮ ಗಣಿಗೆ ಕರೆಂಟು ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. 1910ರ ಮಿಲ್ಲಿನಲ್ಲಿ ಕತ್ತಲಾಗಬೇಕಾದರೆ ಕರೆಂಟು ಹೋಗಬೇಕು, ಕರೆಂಟು ಹೋಗಬೇಕಾದರೆ ಯಾರೋ ತೆಗೆಯಬೇಕು. ನೋಡು, ತಪ್ಪು ತಿದ್ದುವುದರಲ್ಲೇ ನಿನಗೊಬ್ಬ ಸಂಶಯಿತ ಸಿಕ್ಕಿದ.

ಗುಡ್ಡದ ವಿಷ ಬಿಟ್ಟುಬಿಡು. ಪುಡಿ ಮಾಡಿದ ಅದಿರಿನಿಂದ ಚಿನ್ನ ಕರಗಿಸಿ ತೆಗೆಯಲು ಸೈನೈಡ್ ಬಳಸುತ್ತಿದ್ದರು, ಮಿಕ್ಕ ಕೆಸರನ್ನು ತಂದು ಸುರಿದು ಸುರಿದು ಆ ಗುಡ್ಡಗಳಾದವು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಬಿಸಿಲು ಗಾಳಿಗೆ ಸೈನೈಡು ವರ್ಷ ವರ್ಷಕ್ಕೂ ಒಡೆದುಹೋಗುತ್ತದೆ. ಹೆಸರಿನಲ್ಲಿ ಉಳಿದಷ್ಟು ಮಣ್ಣಿನಲ್ಲಿ ಉಳಿದಿರುವುದಿಲ್ಲ. ಗುಡ್ಡದಿಂದ ವಿಷ ಸೋಸುವ ಕೊಲೆಗಾರನನ್ನು ನಿಮ್ಮೂರಿನವರೇ ನೋಡಿ ನಗುತ್ತಾರೆ. ಆದರೆ ಗಾಳಿ ಎದ್ದಾಗ ಅದೇ ಗುಡ್ಡದ ಸಣ್ಣ ಧೂಳು ಮನೆಯೊಳಗೆ ಬಂದು ಪಾತ್ರೆ, ಹಾಸಿಗೆ, ಕಿಟಕಿಯ ಮೇಲೆ ಕೂರುತ್ತದಲ್ಲ, ಅದು ಚಿನ್ನದಂಥ ವಸ್ತು. ಎರಡು ದಿನ ಬಾಗಿಲು ಹಾಕಿದ್ದ ಮನೆಯಲ್ಲಿ ಮೇಜಿನ ಮೇಲೆಲ್ಲ ಧೂಳು, ಒಂದು ಕುರ್ಚಿ ಮಾತ್ರ ಶುಭ್ರ ಅಂದರೆ ಏನರ್ಥ? ಆ ಪುಟದಿಂದ ಶುರು ಮಾಡು. ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿ ಬರುವವರನ್ನೂ ಕಥೆಗೆ ಸೇರಿಸು. ಇಂಗ್ಲಿಷ್ ಎಂಜಿನಿಯರು ಸಿನಿಮಾದವರಿಗೆ ಇರಲಿ.

ಪ್ರಶ್ನೆ: ಕಾದಂಬರಿಗಳಲ್ಲಿ ಈಗಲೂ 'ಸೆಕ್ಷನ್ 302ರಡಿ ನಿನ್ನನ್ನು ಬಂಧಿಸಿದ್ದೇನೆ' ಅಂತ ಇರುತ್ತದಲ್ಲ, ಸರಿಯೇ?
– ಮಧುಗಿರಿಯ ಓದುಗರು

ಉತ್ತರ: ಕೊಲೆ 2024ರ ಜುಲೈ 1ಕ್ಕಿಂತ ಮುಂಚೆ ಆಗಿದ್ದರೆ ಸರಿ. ಆವತ್ತಿನಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ 103. ಅಸಹಜ ಸಾವಿನ ವಿಚಾರಣೆಗೆ ಹಿಂದೆ ಸಿಆರ್‌ಪಿಸಿ 174 ಇತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. '302' ಅಂದಾಗ ಇದ್ದ ಗತ್ತು '103'ಕ್ಕೆ ಇನ್ನೂ ಬಂದಿಲ್ಲ, ಒಪ್ಪುತ್ತೇನೆ. ನನಗೂ ನಾಲಿಗೆ ತಿರುಗುತ್ತಿಲ್ಲ.

ಪ್ರಶ್ನೆ: ನನ್ನ ಹೆಂಡತಿ ಯಾವ ಮಿಸ್ಟರಿ ಕಾದಂಬರಿಯನ್ನಾದರೂ ಕೊನೆಯ ಪುಟ ಓದಿಯೇ ಶುರು ಮಾಡುತ್ತಾಳೆ. ಏನು ಮಾಡಲಿ?
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ನೀವು ಮೊದಲು ಓದಿ ಮುಗಿಸುವವರೆಗೂ ಪುಸ್ತಕವನ್ನು ಬೀರುವಿನಲ್ಲಿಡಿ. ಅವರನ್ನು ತಿದ್ದಲು ಹೋಗಬೇಡಿ. ಯಾರು ಅಂತ ಮೊದಲೇ ಗೊತ್ತಿದ್ದು ಓದುವವರು ಲೇಖಕ ಎಲ್ಲಿ ಕೈಚಳಕ ಮಾಡಿದ, ಎಲ್ಲಿ ಸುಳ್ಳು ಹೇಳಿದ ಅಂತ ನೋಡುತ್ತಾ ಹೋಗುತ್ತಾರೆ. ನನ್ನ ಲೈಬ್ರರಿಯಲ್ಲಿ ಅಂಥವರು ನಾಲ್ಕು ಜನ ಇದ್ದರು, ನಾಲ್ವರೂ ಹೆಂಗಸರು, ನಾಲ್ವರ ಅಭಿಪ್ರಾಯ ಕೇಳದೆ ನಾನು ಹೊಸ ಪುಸ್ತಕ ತರಿಸುತ್ತಿರಲಿಲ್ಲ.

ಪ್ರಶ್ನೆ: ಲೈಬ್ರರಿಯ ಪುಸ್ತಕಗಳು ಈಗ ಎಲ್ಲಿವೆ? ಕೊಳ್ಳಲು ಸಿಗುತ್ತವೆಯೇ?
– ಕುಣಿಗಲ್ಲಿನ ಓದುಗರು

ಉತ್ತರ: 2008ರಲ್ಲಿ ಅಂಗಡಿ ಖಾಲಿ ಮಾಡಿದಾಗ ಬಹುಪಾಲು ತೂಕಕ್ಕೆ ಹೋದವು. ಕೆ.ಜಿ.ಗೆ ಎಷ್ಟು ಅಂತ ಹೇಳಲು ನಾಚಿಕೆ. ಒಂದು ಟ್ರಂಕಿನಷ್ಟು ಇಟ್ಟುಕೊಂಡಿದ್ದೇನೆ. ಮೇಷ್ಟ್ರು ಪೂರ್ತಿ ಮಾಡಿದ ಪ್ರತಿಯೂ ಅದರಲ್ಲಿದೆ. ಅಚ್ಚಾದ ಪೂರ್ತಿ ಪ್ರತಿ ಪಕ್ಕದಲ್ಲೇ ಇದ್ದರೂ ಜನ ಕೇಳಿ ಒಯ್ಯುತ್ತಿದ್ದದ್ದು ಗೋಂದು ಹಚ್ಚಿದ್ದನ್ನೇ. ಈಗ ಗೋಂದು ಕಂದಿ, ಇಂಕು ಮಾಸಿ, 'ಐವತ್ತು ನಿಮಿಷ' ಅನ್ನುವ ಜಾಗದಲ್ಲಿ ಯಾರದ್ದೋ ಕಾಫಿ ಲೋಟದ ಉಂಗುರ ಬಿದ್ದಿದೆ. ತುಮಕೂರಿನ ಕಡೆ ಬಂದರೆ ಮನೆಗೆ ಬನ್ನಿ, ಹಜಾರದಲ್ಲಿ ಕೂತು ಓದಿ ಹೋಗಬಹುದು. ಮನೆಗೆ ಒಯ್ಯಲು ಕೊಡುವುದಿಲ್ಲ, ಡಿಪಾಜಿಟ್ಟು ಎಷ್ಟು ಇಟ್ಟರೂ.